ತಣ್ಣಗೆ ಬಾಗಿಸಿದ ನಿಕಲ್ ಮಿಶ್ರಲೋಹದ ಕೊಳವೆಗಳ ಉಷ್ಣೋಪಚಾರ: ಮುಖ್ಯಾಂಶಗಳು

ಮೊದಲು ಗೊತ್ತಿರಬೇಕಾದದ್ದು
ಬಾಗಿಸಿದ ಕೊಳವೆಗೆಲ್ಲ ಉಷ್ಣೋಪಚಾರ ಬೇಕಿಲ್ಲ. ಅದನ್ನು ನಿರ್ಧರಿಸುವುದು ಮೂರು ಸಂಗತಿ: ಮಿಶ್ರಲೋಹ ಯಾವುದು, ಬಾಗಿನಲ್ಲಿ ಬಂದ ಸ್ಟ್ರೇನ್ ಎಷ್ಟು, ಕೊಳವೆ ಯಾವ ತಾಪದಲ್ಲಿ, ಯಾವ ದ್ರವದೊಡನೆ ಕೆಲಸ ಮಾಡಲಿದೆ. ತಪ್ಪು ತಾಪದಲ್ಲಿ ಕಾಯಿಸುವುದು ಕಾಯಿಸದೇ ಇರುವುದಕ್ಕಿಂತ ಕೆಟ್ಟದ್ದಾಗಬಹುದು.

ಬಾಗಿಸಿದಾಗ ಆಗುವ ಬದಲಾವಣೆ
- ಹೊರಬಾಗು ಹಿಗ್ಗಿ ಗೋಡೆ ತೆಳುವಾಗುತ್ತದೆ, ಒಳಬಾಗು ದಪ್ಪವಾಗುತ್ತದೆ, ಅಡ್ಡಕೊಯ್ತ ಅಂಡಾಕಾರ ತಾಳುತ್ತದೆ.
- ನಿಕಲ್ ಮಿಶ್ರಲೋಹಗಳು ಬೇಗ ವರ್ಕ್ ಹಾರ್ಡನಿಂಗ್‌ಗೆ ಒಳಗಾಗುತ್ತವೆ. ಗಡಸುತನ ಏರುತ್ತದೆ, ಡಕ್ಟಿಲಿಟಿ ಇಳಿಯುತ್ತದೆ.
- ಲೋಹದೊಳಗೆ ಉಳಿದ ಒತ್ತಡ ಸ್ಟ್ರೆಸ್ ಕರೋಷನ್ ಬಿರುಕಿಗೆ ದಾರಿ ಮಾಡುತ್ತದೆ. ಅತಿ ತಾಪದ ಸೇವೆಯಲ್ಲಿ ಕ್ರೀಪ್ ಆಯಸ್ಸೂ ಕುಗ್ಗುತ್ತದೆ.

ಲೆಕ್ಕ
- ಸ್ಟ್ರೇನ್ ಶೇಕಡಾ = 100 × r ÷ R. ಇಲ್ಲಿ r ಕೊಳವೆಯ ಹೊರತ್ರಿಜ್ಯ, R ಮಧ್ಯರೇಖೆಯವರೆಗಿನ ಬಾಗು ತ್ರಿಜ್ಯ.
- ಹೊರವ್ಯಾಸ D ಆದರೆ: R = 5D ಇದ್ದಾಗ ಶೇ 10; 3D ಇದ್ದಾಗ ಶೇ 16.7, 1.5D ಇದ್ದಾಗ ಶೇ 33.3.
- ಬಾಗಿಸುವ ಮುನ್ನ ಇರಬೇಕಾದ ಕನಿಷ್ಠ ಗೋಡೆದಪ್ಪಕ್ಕೆ ಟೆಮಾ (ಕೊಳವೆ ಉಷ್ಣವಿನಿಮಯಕ ತಯಾರಕರ ಸಂಘ) ಸೂತ್ರ: t₀ = t₁ (1 + D ÷ 4R). ಇಲ್ಲಿ t₁ ನೇರ ಕೊಳವೆಗೆ ಬೇಕಾದ ಕನಿಷ್ಠ ದಪ್ಪ. R = 3D ಆದರೆ ಸುಮಾರು ಶೇ 8.3 ಹೆಚ್ಚುವರಿ ದಪ್ಪ ಬೇಕು.

ಕೋಡ್ ಏನು ಹೇಳುತ್ತದೆ
ಬಾಯ್ಲರುಗಳಿಗೆ ಎಎಸ್‌ಎಂಇ ಸೆಕ್ಷನ್ 1ರ ಪಿಜಿ-19 ಅನ್ವಯಿಸುತ್ತದೆ. ಸ್ಟ್ರೇನ್ ಮಿತಿ ದಾಟಿದರೆ ಕನಿಷ್ಠ ಕಾಯಿಸುವ ತಾಪ:
- ಅಲಾಯ್ 800: 980°ಸೆ
- ಅಲಾಯ್ 600: 1040°ಸೆ
- ಅಲಾಯ್ 800ಎಚ್: 1120°ಸೆ
- ಅಲಾಯ್ 617: 1150°ಸೆ

ಹಿಡಿದಿಡುವ ಅವಧಿ: 25 ಮಿ.ಮೀ. ದಪ್ಪಕ್ಕೆ 20 ನಿಮಿಷ ಅಥವಾ 10 ನಿಮಿಷ, ಯಾವುದು ಹೆಚ್ಚೋ ಅದು.

*ಮಾದರಿ ಲೆಕ್ಕ:* 800ಎಚ್ ಕೊಳವೆ, ಗೋಡೆ 2 ಮಿ.ಮೀ., ಬಾಗು 3D, ವಿನ್ಯಾಸ ತಾಪ 650°ಸೆ. ಸ್ಟ್ರೇನ್ ಶೇ 16.7, ಈ ತಾಪದಲ್ಲಿ ಮಿತಿ ಶೇ 15. ಆದ್ದರಿಂದ ಉಷ್ಣೋಪಚಾರ ಕಡ್ಡಾಯ. ದಪ್ಪದ ಲೆಕ್ಕದಲ್ಲಿ ಸಿಗುವುದು 1.6 ನಿಮಿಷ, ಹಿಡಿಯಬೇಕಾದದ್ದು 10 ನಿಮಿಷ. ವಿನ್ಯಾಸ ತಾಪ 675°ಸೆ ಮೀರಿದರೆ ಮಿತಿ ಶೇ 10ಕ್ಕೆ ಇಳಿಯುತ್ತದೆ.

ಮೂರು ಬಗೆಯ ಉಪಚಾರ
- *ಸ್ಟ್ರೆಸ್ ರಿಲೀವಿಂಗ್:* ಒತ್ತಡ ಇಳಿಸುವುದಷ್ಟೇ ಗುರಿ. ಮೊನೆಲ್ 400ಕ್ಕೆ ಸುಮಾರು 540–565°ಸೆ. ಹೈಡ್ರೋಫ್ಲೋರಿಕ್ ಆಮ್ಲದ ಘಟಕಗಳಲ್ಲಿ ಇದು ಮುಖ್ಯ.
- *ಸೊಲ್ಯೂಷನ್ ಅನೀಲಿಂಗ್:* ಕಾರ್ಬೈಡುಗಳು ಕರಗಿ, ಹೊಸ ಕಣರಚನೆ ಮೂಡುತ್ತದೆ. ಅಲಾಯ್ ಸಿ-276ಕ್ಕೆ ಸುಮಾರು 1120°ಸೆ, ಆಮೇಲೆ ತಡಮಾಡದೆ ತಣಿಸಬೇಕು.
- *ಥರ್ಮಲ್ ಟ್ರೀಟ್‌ಮೆಂಟ್:* ಪರಮಾಣು ಸ್ಥಾವರಗಳಿಗೆ ಬಳಸುವ ಅಲಾಯ್ 600 ಮತ್ತು 690ರ ಕೊಳವೆಗಳನ್ನು ಸುಮಾರು 700–715°ಸೆ ತಾಪದಲ್ಲಿ ಹಲವು ಗಂಟೆ ಇಡುವುದು.

ಸೂಕ್ಷ್ಮ ಅಂಶ: ಅಲಾಯ್ 600
700°ಸೆ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕಣಗಡಿಯಲ್ಲಿ ಕ್ರೋಮಿಯಂ ಕಾರ್ಬೈಡ್ ಕೂಡಿ, ಪಕ್ಕದಲ್ಲಿ ಕ್ರೋಮಿಯಂ ಕೊರತೆಯಾಗುತ್ತದೆ. ಇದೇ ಸೆನ್ಸಿಟೈಸೇಶನ್. ಹಲವು ಗಂಟೆ ಇಟ್ಟರೆ ಕಣದೊಳಗಿನ ಕ್ರೋಮಿಯಂ ಹರಿದುಬಂದು ಆ ಕೊರತೆ ತುಂಬುತ್ತದೆ, ಕಾರ್ಬೈಡುಗಳು ಉಳಿದು ಬಿರುಕನ್ನು ತಡೆಯುತ್ತವೆ. ತಾಪ ಒಂದೇ ಆದರೂ ಅವಧಿ ಬದಲಾದರೆ ಫಲಿತಾಂಶವೇ ಬೇರೆ.

ನೆನಪಿಡಬೇಕಾದ ಘಟನೆಗಳು
- 1959: ಅಧಿಕ ನಿಕಲ್ ಮಿಶ್ರಲೋಹ ಶುದ್ಧ ಬಿಸಿನೀರಿನಲ್ಲೂ ಬಿರುಕು ಬಿಡುತ್ತದೆಂದು ಫ್ರಾನ್ಸಿನ ಆಂರಿ ಕೊರಿಯು ತೋರಿಸಿದರು.
- 1976: ಅಮೆರಿಕದ ಸರಿ-2 ಸ್ಥಾವರದ ಸ್ಟೀಮ್ ಜನರೇಟರಿನಲ್ಲಿ ಮೊದಲ ಸಾಲಿನ ಯು-ಬಾಗು ಒಡೆಯಿತು. ಆಧಾರಫಲಕ ವಿರೂಪಗೊಂಡು ಕೊಳವೆಯ ಎರಡು ಕಾಲುಗಳನ್ನು ಹತ್ತಿರಕ್ಕೆ ಒತ್ತಿದ್ದರಿಂದ ಬಾಗಿನ ನೆತ್ತಿಯಲ್ಲಿ ಒತ್ತಡ ಏರಿತ್ತು.
- 2000: ಇಂಡಿಯನ್ ಪಾಯಿಂಟ್-2ರಲ್ಲಿ ಎರಡನೇ ಸಾಲಿನ ಯು-ಬಾಗು ಸೋರಿತು.
- ಪಾಠ: ತ್ರಿಜ್ಯ ಚಿಕ್ಕದಿರುವ ಒಳಸಾಲುಗಳಲ್ಲೇ ಅಪಾಯ ಹೆಚ್ಚು. ಆದ್ದರಿಂದ ಆ ಸಾಲುಗಳನ್ನು ಬಾಗಿಸಿದ ಮೇಲೆ ಮತ್ತೆ ಸ್ಟ್ರೆಸ್ ರಿಲೀವ್ ಮಾಡುವ ರೂಢಿ ಬಂತು.
- ಕರ್ನಾಟಕದ ಕೈಗಾ ಸ್ಥಾವರದ ಸ್ಟೀಮ್ ಜನರೇಟರುಗಳಲ್ಲಿರುವುದು ಅಲಾಯ್ 800 ಕೊಳವೆಗಳು.

ಕಾರ್ಖಾನೆಯಲ್ಲಿ
- ಕಾಯಿಸುವ ಮುನ್ನ ಎಣ್ಣೆ, ಗ್ರೀಸ್, ಮಾರ್ಕರ್ ಗುರುತು ಎಲ್ಲ ಒರೆಸಿ ತೆಗೆಯಬೇಕು. ಗಂಧಕ ಉಳಿದರೆ ನಿಕಲ್ ಜೊತೆ ಸೇರಿ ಸುಮಾರು 640°ಸೆ ತಾಪದಲ್ಲೇ ಕರಗಿ, ಕಣಗಡಿ ಹೊಕ್ಕು ಲೋಹವನ್ನು ಪೆಡಸಾಗಿಸುತ್ತದೆ. ಸೀಸವೂ ಹಾನಿಕರ.
- ಯು-ಕೊಳವೆಯ ಎರಡೂ ಕಾಲಿಗೆ ಕ್ಲ್ಯಾಂಪ್ ಹಾಕಿ, ವಿದ್ಯುತ್ ಹರಿಸಿ ಬಾಗನ್ನಷ್ಟೇ ಕಾಯಿಸಬಹುದು. ಒಳಗೆ ಆರ್ಗಾನ್ ಹರಿಯುತ್ತಿರಬೇಕು. ಬಾಗು ಮುಗಿದು ನೇರಭಾಗ ಶುರುವಾಗುವ ಕಡೆಯೂ ಕಾಯಬೇಕು.
- ನಂತರದ ಪರೀಕ್ಷೆ: ಅಂಡಾಕಾರ, ಗೋಡೆದಪ್ಪ, ಡೈ ಪೆನಿಟ್ರಂಟ್, ನೀರಿನ ಒತ್ತಡ.

ಅಂಕ ಕಳೆಯುವ ಗೊಂದಲ
- 800ರಲ್ಲಿ ನಿಕಲ್ ಶೇ 30–35 ಮಾತ್ರ, ಕಬ್ಬಿಣವೇ ಹೆಚ್ಚು. ಆದರೂ ಕೋಡಿನಲ್ಲಿ ನಿಕಲ್ ಮಿಶ್ರಲೋಹಗಳ ಜೊತೆಗೇ ಬರುತ್ತದೆ.
- 600ರಲ್ಲಿ ಕ್ರೋಮಿಯಂ ಶೇ 14–17, 690ರಲ್ಲಿ ಶೇ 27–31. ಬಿರುಕು ತಡೆಯುವುದರಲ್ಲಿ 690 ಮುಂದು.
- ಸ್ಟ್ರೆಸ್ ರಿಲೀವಿಂಗ್ ಮತ್ತು ಸೊಲ್ಯೂಷನ್ ಅನೀಲಿಂಗ್ ಒಂದೇ ಅಲ್ಲ. ಒಂದರ ತಾಪವನ್ನು ಇನ್ನೊಂದಕ್ಕೆ ಬರೆಯಬಾರದು.