ಹತ್ತೊಂಬತ್ತು ದಿನಗಳ ಸಂಬಳ

1997ರ ಅಕ್ಟೋಬರ್. ದಸರಾ ಮುಗಿದಿತ್ತು, ಮೈಸೂರಿನ ಅಂಗಡಿಗಳು ದೀಪಾವಳಿಗೆ ಸಜ್ಜಾಗುತ್ತಿದ್ದವು. ಒಂದು ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಬಿ.ಕಾಂ. ಎರಡನೇ ವರ್ಷದ ಹುಡುಗನೊಬ್ಬ ಸಂಬಳಕ್ಕಾಗಿ ನಿಂತಿದ್ದ. ಕಾಲೇಜು ಮುಗಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಬಂದರೆ ರಾತ್ರಿ ಒಂಬತ್ತೂವರೆಗೆ ಶಟರ್ ಎಳೆಯುವ ತನಕ ಅವನಿಗೆ ಥಾನು ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದೇ ಕೆಲಸ. ತಿಂಗಳಿಗೆ 600 ರೂಪಾಯಿ ಎಂದು ಮಾತಾಗಿತ್ತು. ಹಾಜರಾತಿ ಕಡಿಮೆಯಾಗಿದೆ ಎಂದು ಕಾಲೇಜಿನಿಂದ ನೋಟಿಸ್ ಬಂದಾಗ ಕೆಲಸ ಬಿಡುತ್ತೇನೆ ಎಂದ. ಆ ತಿಂಗಳು ದುಡಿದ 19 ದಿನಗಳ ಹಣ ಅವನಿಗೆ ಸಿಗಲಿಲ್ಲ. ಗೌರಿ ಹಬ್ಬದ ನೂಕುನುಗ್ಗಲಲ್ಲಿ ಕಾಣೆಯಾದ ಒಂದು ಪ್ಯಾಂಟ್ ಪೀಸಿನ ಬೆಲೆಯನ್ನು ಸೆಪ್ಟೆಂಬರ್ ಸಂಬಳದಲ್ಲೇ ಮುರಿದುಕೊಂಡಾಗಿತ್ತು.

“ನೀನೇನು ಸಂಸಾರ ನಡೆಸ್ಬೇಕಾ? ಓದೋ ಹುಡುಗ ಅಂತ ಕೈಖರ್ಚಿಗೆ ಕೊಡ್ತಿದ್ದೆ,” ಎಂದರು ಮಾಲೀಕರು.

ಆ ಹುಡುಗನೇ ಇಂದು ಈ ಅಂಕಣ ಬರೆಯುತ್ತಿರುವಾತ. ಬರಬೇಕಿದ್ದದ್ದು 380 ರೂಪಾಯಿ. ಆ ತಿಂಗಳ ಮೆಸ್ ಬಾಕಿಯನ್ನು ಅವನು ರೂಮ್‌ಮೇಟ್ ಹತ್ತಿರ ಸಾಲ ಪಡೆದು ತೀರಿಸಿದ. ಮಾಲೀಕರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ ಎಂಬುದೇ ಈಗ ಅವನನ್ನು ಕಾಡುವ ಸಂಗತಿ. ಕೇಳಿದ್ದಕ್ಕೆ ನಾಚಿಕೆಯಾಗಿತ್ತು. ಕೈಖರ್ಚು ಎಂಬ ಆ ಒಂದು ಮಾತನ್ನು ಅವನೂ ನಂಬಿಬಿಟ್ಟಿದ್ದ.

ಕೈಖರ್ಚು ಎಂಬ ಪದ ಯಾವ ಕಾರ್ಮಿಕ ಕಾನೂನಿನಲ್ಲೂ ಇಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಾಗಲಿ, ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಾಗಲಿ, ಕೂಲಿಗೆ ದುಡಿಯುವವರನ್ನು ವಿದ್ಯಾರ್ಥಿ, ಸಂಸಾರಸ್ಥ ಎಂದು ಬೇರೆ ಮಾಡುವುದಿಲ್ಲ. ಅಪ್ರೆಂಟಿಸ್ ಕಾಯ್ದೆಯಡಿ ಸೇರಿಕೊಂಡವರ ಲೆಕ್ಕ ಮಾತ್ರ ಬೇರೆ. ಉಳಿದಂತೆ ಸಂಜೆ ನಾಲ್ಕು ಗಂಟೆ ಬಿಲ್ ಹಾಕುವ ಹುಡುಗಿಯೂ ಉದ್ಯೋಗಿಯೇ.

“ಕಡಿಮೆ ಕೂಲಿಗೆ ಅವಳೇ ಒಪ್ಪಿಕೊಂಡಳಲ್ಲ” ಎಂಬ ವಾದವೂ ನಿಲ್ಲುವುದಿಲ್ಲ. ಕನಿಷ್ಠ ವೇತನದ ಹಕ್ಕನ್ನು ಬಿಟ್ಟುಕೊಡುವ ಕರಾರಿಗೆ ಸಹಿ ಹಾಕಿದ್ದರೂ ಅದು ಅಸಿಂಧು. 1982ರಲ್ಲಿ ದೆಹಲಿಯ ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇನ್ನೂ ಮುಂದೆ ಹೋಯಿತು. ಹಸಿವು, ಬಡತನಗಳ ಒತ್ತಡಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ಅದು ಹೇಳಿತು. ಅಂಕಣಕಾರ ಈ ತೀರ್ಪನ್ನು ಓದಿದ್ದು ಮೂವತ್ತು ದಾಟಿದ ಮೇಲೆ. ಅಷ್ಟರಲ್ಲಿ 380 ರೂಪಾಯಿ ಕೇಳುವ ಗಡುವು ಎಂದೋ ಮುಗಿದಿತ್ತು. ಹಳೆಯ ಕಾಯ್ದೆಯಲ್ಲಿ ಅರ್ಜಿ ಹಾಕಲು ಇದ್ದದ್ದು ಆರೇ ತಿಂಗಳು.

ಇಷ್ಟು ವರ್ಷಗಳ ನಂತರ ಅದೇ ಕಥೆ ಅವನ ಮನೆಯಲ್ಲೇ ಮರುಕಳಿಸಿತು. ಬೆಂಗಳೂರಿನಲ್ಲಿ ಪದವಿ ಕೊನೆಯ ವರ್ಷದಲ್ಲಿರುವ ಮಗಳು ಶನಿವಾರ, ಭಾನುವಾರ ಒಂದು ಕೆಫೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಶಿಫ್ಟ್, ದಿನಕ್ಕೆ 500 ರೂಪಾಯಿ. ಪ್ರಾಜೆಕ್ಟ್ ಕೆಲಸ ಹೆಚ್ಚಾಗಿ ಬಿಟ್ಟಾಗ 11 ದಿನಗಳ ಹಣ ಬಾಕಿ ಉಳಿಯಿತು. “ನೋಟಿಸ್ ಕೊಡದೆ ಬಿಟ್ಟಿದ್ದಕ್ಕೆ ಕಟ್” ಎಂದು ಮ್ಯಾನೇಜರ್ ಮೆಸೇಜ್ ಹಾಕಿದ್ದ.

ಅಪ್ಪ, ಮಗಳು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತರು. ಮೊದಲು ಗಂಟೆಗೆ ಎಷ್ಟು ಬಿತ್ತು ಎಂದು ನೋಡಬೇಕಿತ್ತು. 500ನ್ನು ಹತ್ತು ಗಂಟೆಗೆ ಹಂಚಿದರೆ ಗಂಟೆಗೆ 50. ಇದು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಇನ್ನೊಂದು ಲೆಕ್ಕ ಬೇಕು. ಕರ್ನಾಟಕದಲ್ಲಿ ಹೋಟೆಲ್, ಅಂಗಡಿ ಎಂದು ಉದ್ದಿಮೆಗೊಂದು ಕನಿಷ್ಠ ವೇತನದ ಅಧಿಸೂಚನೆ ಇರುತ್ತದೆ, ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ದರ ತಿಂಗಳ ಲೆಕ್ಕದಲ್ಲಿದ್ದರೆ 26ರಿಂದ ಭಾಗಿಸಿದಾಗ ದಿನಗೂಲಿ ಸಿಗುತ್ತದೆ, ಅದನ್ನು 8ರಿಂದ ಭಾಗಿಸಿದರೆ ಗಂಟೆಯ ಕೂಲಿ. ತಿಂಗಳಿಗೆ 14,300 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 550, ಗಂಟೆಗೆ 68 ರೂಪಾಯಿ 75 ಪೈಸೆ. ದಿನಕ್ಕೆ 500 ಎಂದರೆ ಕೈತುಂಬ ದುಡ್ಡು ಅಂದುಕೊಂಡಿದ್ದ ಮಗಳು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಳು.

ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿರುವ ಅವನ ಅಕ್ಕನ ಮಗನಿಗೆ ಈ ಲೆಕ್ಕದ ಗೋಜಿಲ್ಲ. ಜರ್ಮನಿಯಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ ಇಂತಿಷ್ಟು ಎಂದೇ ಘೋಷಿಸುತ್ತಾರೆ: 2025ರಲ್ಲಿ 12.82 ಯೂರೋ, 2026ರ ಜನವರಿಯಿಂದ 13.90. ವಿಮಾನ ಹತ್ತುವ ಮುಂಚೆಯೇ ಆ ಸಂಖ್ಯೆ ಅವನ ಬಾಯಲ್ಲಿತ್ತು. ಭಾರತದಿಂದ ಹೋದ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು ಎಂಬುದೂ ಗೊತ್ತಿತ್ತು. ನಮ್ಮಲ್ಲಿ ಪಾರ್ಟ್ ಟೈಮ್ ದುಡಿಯುವ ಮಕ್ಕಳಿಗೆ ಅತಿ ಮುಖ್ಯವಾದ ಈ ಗಂಟೆಯ ದರವನ್ನೇ ಯಾರೂ ಹೇಳಿಕೊಡುವುದಿಲ್ಲ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅದಕ್ಕೊಂದು ಸಾಲು ಜಾಗ ಸಿಗಬೇಕು.

ಇನ್ನು ಕಡಿತದ ವಿಷಯ. ಕಳೆದುಹೋದ ಸಾಮಾನಿಗೆ ಸಂಬಳ ಮುರಿಯಬೇಕಾದರೆ ಆ ಸಾಮಾನನ್ನು ನೌಕರನ ವಶಕ್ಕೆ ಒಪ್ಪಿಸಿರಬೇಕು, ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನ ಸಮಜಾಯಿಷಿ ಕೇಳಿರಬೇಕು. ದಂಡ ಹಾಕಿದರೂ ಅದು ಆ ಅವಧಿಯ ಸಂಬಳದ ಶೇ 3ನ್ನು ಮೀರುವಂತಿಲ್ಲ. ಗಿರಾಕಿ ಇಲ್ಲ ಎಂದು ಮಧ್ಯಾಹ್ನವೇ ಮನೆಗೆ ಕಳಿಸಿ ಅರ್ಧ ಕೂಲಿ ಕೊಡುವ ಅಭ್ಯಾಸವನ್ನೂ ಕಾನೂನು ಒಪ್ಪುವುದಿಲ್ಲ. ಇಡೀ ದಿನದ ಕೆಲಸಕ್ಕೆಂದು ಕರೆಸಿಕೊಂಡವರು ಪೂರ್ತಿ ದಿನದ ಕೂಲಿಗೆ ಹಕ್ಕುದಾರರು. ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಇನ್ನು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ, ದಾಟಿದರೆ ಓಟಿಗೆ ಎರಡು ಪಟ್ಟು ಕೂಲಿ. ನೇಮಕಾತಿ ಆದೇಶವನ್ನು ಬರಹದಲ್ಲಿ ಕೊಡಬೇಕೆನ್ನುವುದೂ ಅದೇ ಕಾಯ್ದೆ. ಮಗಳಿಗೆ ಅಂಥ ಆದೇಶ ಸಿಕ್ಕಿರಲಿಲ್ಲ.

ಆದರೆ ಅವಳ ಫೋನಿನಲ್ಲಿ ಎಲ್ಲವೂ ಇತ್ತು. ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಶುಕ್ರವಾರ ಬಂದ ಶಿಫ್ಟ್ ಪಟ್ಟಿ, ಹಿಂದಿನ ತಿಂಗಳುಗಳ ಯುಪಿಐ ಪಾವತಿ, ಮ್ಯಾನೇಜರ್‌ನ ಆ ಮೆಸೇಜ್. 1997ರ ಹುಡುಗನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಸಂಬಳದ ಬಾಕಿಗೆ ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆಯನ್ನು ವೇತನ ಸಂಹಿತೆ ಮಾಲೀಕರ ಮೇಲೆಯೇ ಹಾಕಿದೆ. ಆದರೂ ಅಲ್ಲಿ ದುಡಿದದ್ದೇ ಸುಳ್ಳು ಎಂದುಬಿಟ್ಟರೆ ಕೈಗೆ ಬರುವುದು ಇಂಥ ಸ್ಕ್ರೀನ್‌ಶಾಟ್‌ಗಳೇ. ಮೂಲ ಮಾರ್ಕ್ಸ್ ಕಾರ್ಡನ್ನಂತೂ ಯಾರು ಕೇಳಿದರೂ ಒತ್ತೆ ಇಡಬಾರದು; ಜೆರಾಕ್ಸ್ ಸಾಕು.

ಕೆಲವು ಸಂಸ್ಥೆಗಳು ವಿದ್ಯಾರ್ಥಿಯನ್ನು ‘ಕನ್ಸಲ್ಟೆಂಟ್’ ಎಂದು ಬರೆದುಕೊಂಡು ಶೇ 10 ಟಿಡಿಎಸ್ ಮುರಿಯುತ್ತವೆ. ವರ್ಷದ ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ಆ ಹಣವನ್ನು ಪೂರ್ತಿ ವಾಪಸ್ ಪಡೆಯಬಹುದು. ಪಿಎಫ್ ಹೆಸರಿನಲ್ಲಿ ಮುರಿಯುತ್ತಿದ್ದರೆ ಯುಎಎನ್ ಸಂಖ್ಯೆ ಕೇಳಿ ಪಾಸ್‌ಬುಕ್ ತೆರೆದು ನೋಡಬೇಕು. ಮುರಿದ ಹಣ ಕಟ್ಟಿದ್ದಾರೋ ಇಲ್ಲವೋ ಅಲ್ಲಿ ತಿಳಿಯುತ್ತದೆ.

ಡೆಲಿವರಿ ಆ್ಯಪ್‌ಗಳಿಗೆ ದುಡಿಯುವ ವಿದ್ಯಾರ್ಥಿಗಳಿಗೆ ಬೇರೆ ದಾರಿಯಿದೆ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಂಪನಿಗಳು ಕಾರ್ಮಿಕರ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ.

ಪಿಯುಸಿ ಮಕ್ಕಳ ವಿಷಯದಲ್ಲಿ ಮಾತ್ರ ಅಂಕಣಕಾರನ ನಿಲುವು ಕಟುವಾದದ್ದು. ಹದಿನೆಂಟು ತುಂಬದವರಿಗೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೊಡುವಂತಿಲ್ಲ, ಓಟಿ ಮಾಡಿಸುವಂತಿಲ್ಲ, ಅಪಾಯಕಾರಿ ಕೆಲಸವಂತೂ ಕೂಡದು. ಆದರೂ ಮದುವೆ ಮಂಟಪಗಳಲ್ಲಿ ರಾತ್ರಿ ಹನ್ನೊಂದಕ್ಕೆ ಎಲೆ ತೆಗೆಯುತ್ತಿರುವ ಹುಡುಗರ ಮುಖ ನೋಡಿ. ಊಟ ಮಾಡಿ ಎದ್ದು ಬರುವ ನಾವೆಲ್ಲ ಅದನ್ನು ಕಂಡೂ ಸುಮ್ಮನಿರುತ್ತೇವೆ.

ಮಗಳ ಪತ್ರ ಒಂದೇ ಪುಟದ್ದು. ದುಡಿದ ತಾರೀಕುಗಳು, ಗಂಟೆಗಳು, ಬಾಕಿ 5,500 ರೂಪಾಯಿ, ಕೊಡಬೇಕಾದ ಗಡುವು. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಎಂಬ ಒಂದು ವಾಕ್ಯ. ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದು ಎಂಬುದನ್ನೂ ಸೇರಿಸಿದಳು. ವಕೀಲರ ನೆರವು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದೆಂದು ಅಪ್ಪ ಹೇಳಿಕೊಟ್ಟ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಪತ್ರ ಸ್ಪೀಡ್ ಪೋಸ್ಟ್‌ನಲ್ಲೂ ಹೋಯಿತು, ವಾಟ್ಸಾಪ್‌ನಲ್ಲೂ ಹೋಯಿತು. ಒಂಬತ್ತನೇ ದಿನ 5,500 ರೂಪಾಯಿ ಖಾತೆಗೆ ಬಂತು. ಗಂಟೆಗೆ ಕಡಿಮೆ ಕೊಟ್ಟ ವ್ಯತ್ಯಾಸದ ಹಣ ಇನ್ನೂ ಬಂದಿಲ್ಲ, ಅವಳು ಬಿಟ್ಟುಕೊಟ್ಟೂ ಇಲ್ಲ.

ಅದೇ ಕೆಫೆಯಲ್ಲಿ ಪಾತ್ರೆ ತೊಳೆಯುವ ಕಡೆ ಇದ್ದ ಕಲಬುರಗಿಯ ಹುಡುಗನಿಗೂ ಎಂಟು ದಿನಗಳ ಕೂಲಿ ಬರಬೇಕಿದೆ. ಪರೀಕ್ಷೆಗೆಂದು ಅವನು ಊರಿಗೆ ಹೋಗಿದ್ದಾನೆ. ಹೊಸ ಸಂಹಿತೆಯಲ್ಲಿ ಅರ್ಜಿ ಹಾಕಲು ಮೂರು ವರ್ಷ ಕಾಲಾವಕಾಶವಿದೆ. ಅವನ ಶಿಫ್ಟ್‌ಗಳನ್ನೂ ಅದೇ ಗುಂಪಿನ ಪಟ್ಟಿಗಳಿಂದ ಹೆಕ್ಕಿ ಮಗಳು ಪತ್ರ ಬರೆದಿಟ್ಟಿದ್ದಾಳೆ, ಅವನ ಸಹಿಯೊಂದು ಬಾಕಿ.