ದೂರಮಾಪಕವನ್ನು ಆರಿಸುವ ಬಗೆ

ಹಲಸೂರು ಕೆರೆಯ ಏರಿಯ ಮೇಲೆ ನಿಂತು ಎದುರುದಡದ ಮರವೊಂದನ್ನು ತೋರಿಸಿ, ಅದು ಎಷ್ಟು ದೂರದಲ್ಲಿದೆಯೆಂದು ನಾಲ್ವರು ಗೆಳೆಯರನ್ನು ಕೇಳೋಣ. ನಾಲ್ಕು ಉತ್ತರಗಳು ಬರುವುದು ಬಹುಮಟ್ಟಿಗೆ ನಿಶ್ಚಯ. ನಡುವೆ ನೀರು ಹರಡಿಕೊಂಡಿದ್ದರೆ ದೂರದ ವಸ್ತು ಹತ್ತಿರವಿದ್ದಂತೆ ತೋರುತ್ತದೆ. ಮಬ್ಬುಬೆಳಕಿನಲ್ಲಿ ಹತ್ತಿರದ್ದೂ ದೂರ ಸರಿದಂತೆ ಕಾಣುತ್ತದೆ. ಕಣ್ಣು ನೋಡುವುದರಲ್ಲಿ ನಿಪುಣ, ಅಳೆಯುವುದರಲ್ಲಿ ಅಲ್ಲ. ಈ ಕೊರತೆಯನ್ನು ತುಂಬುವ ಉಪಕರಣವೇ ದೂರಮಾಪಕ. ಅಂಗಡಿಯಲ್ಲಿ ದೊರೆಯುವ ಹತ್ತಾರು ಬಗೆಗಳಲ್ಲಿ ನಮಗೆ ತಕ್ಕುದನ್ನು ಆರಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಯಾವ ಖರ್ಚೂ ಇಲ್ಲದ ಒಂದು ದೂರಮಾಪಕ. ತೋಳನ್ನು ನೀಳವಾಗಿ ಚಾಚಿ, ಹೆಬ್ಬೆರಳನ್ನೆತ್ತಿ, ಒಂದು ಕಣ್ಣನ್ನು ಮುಚ್ಚಿ ಮರದ ಮೇಲೆ ಗುರಿಯಿಡಬೇಕು. ಬಳಿಕ ಆ ಕಣ್ಣನ್ನು ತೆರೆದು ಇನ್ನೊಂದನ್ನು ಮುಚ್ಚಿದರೆ ಬೆರಳು ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಕಣ್ಣುಗಳ ನಡುವಣ ಅಂತರ ಸುಮಾರು 6 ಸೆಂಟಿಮೀಟರು. ತೋಳಿನುದ್ದ ಅದರ ಹತ್ತರಷ್ಟು. ಆದುದರಿಂದ ಬೆರಳು ಜಿಗಿದ ಅಗಲವನ್ನು ಹತ್ತರಿಂದ ಗುಣಿಸಿದರೆ ದೂರ ದೊರೆಯುತ್ತದೆ. ಮರದ ಬಳಿ 11 ಮೀಟರು ಉದ್ದದ ಬಸ್ಸು ನಿಂತಿದ್ದು, ಬೆರಳು ಅದರ ಒಂದು ತುದಿಯಿಂದ ಇನ್ನೊಂದಕ್ಕೆ ಜಿಗಿದರೆ, ದೂರ ಸುಮಾರು 110 ಮೀಟರು.

ಇದೇ ತತ್ತ್ವದ ಭವ್ಯ ಪ್ರಯೋಗಕ್ಕೆ ಬೆಂಗಳೂರಿನ ನೆಲವೇ ಸಾಕ್ಷಿ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗಿಂತ ಉದ್ದದ ಆಧಾರರೇಖೆಯೊಂದನ್ನು ನೂರಡಿಯ ಉಕ್ಕಿನ ಸರಪಣಿಯಿಂದ ಅಳೆಸಿದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಇನ್ನೊಂದು ರೇಖೆಯನ್ನಳೆದು, ಅಲ್ಲಿಂದ ತ್ರಿಕೋನಗಳ ಸರಣಿಯನ್ನು ಪಶ್ಚಿಮಕ್ಕೆ ಬೆಳೆಸಿದನು. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಒಂದು ರೇಖೆಯನ್ನು ಅಳೆದು ತಾಳೆನೋಡಿದಾಗ, ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ. ಆಧಾರರೇಖೆ ಉದ್ದವಾಗಿದ್ದು ಕೋನಗಳು ಸರಿಯಾಗಿದ್ದರೆ ದೂರ ತಾನಾಗಿಯೇ ಸರಿಯಾಗುತ್ತದೆಂಬುದೇ ಇದರ ಪಾಠ.

ಹಾಗಾದರೆ ಆಧಾರರೇಖೆ ಚಿಕ್ಕದಾದರೇನಾಗುತ್ತದೆ? ಹಳೆಯ ದೃಗ್ವಿಜ್ಞಾನದ ದೂರಮಾಪಕಗಳಲ್ಲಿ ಕೊಳವೆಯ ಎರಡು ತುದಿಗಳಲ್ಲಿ ಎರಡು ಕಿಟಕಿಗಳಿರುತ್ತವೆ. ಎರಡು ಬಿಂಬಗಳನ್ನು ಒಂದಾಗಿ ಕೂಡಿಸಿ, ತಿರುಗಿಸಿದ ಕೋನದಿಂದ ದೂರವನ್ನು ಓದುತ್ತೇವೆ. ಕಿಟಕಿಗಳ ಅಂತರ 25 ಸೆಂಟಿಮೀಟರೆಂದೂ, ಕೋನವನ್ನು ಓದುವುದರಲ್ಲಿ 10 ವಿಕಲೆಯಷ್ಟು ತಪ್ಪಾಗುವುದೆಂದೂ ಇಟ್ಟುಕೊಳ್ಳೋಣ. 100 ಮೀಟರಿನಲ್ಲಿ ಇದರಿಂದಾಗುವ ದೋಷ ಸುಮಾರು 2 ಮೀಟರು. 400 ಮೀಟರಿನಲ್ಲಿ ಅದು 8 ಮೀಟರಲ್ಲ, ಸುಮಾರು 31 ಮೀಟರು! ದೂರ ನಾಲ್ಕುಪಟ್ಟಾದರೆ ದೋಷ ಹದಿನಾರುಪಟ್ಟಾಗುತ್ತದೆ. ಏಕೆಂದರೆ ದೋಷವು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ.

ಲೇಸರ್ ದೂರಮಾಪಕ ಈ ತೊಡಕನ್ನು ಬೇರೆ ದಾರಿಯಿಂದ ದಾಟುತ್ತದೆ. ಅದು ಕೋನವನ್ನಲ್ಲ, ಕಾಲವನ್ನು ಅಳೆಯುತ್ತದೆ. ಬೆಳಕಿನ ಮಿಡಿತವೊಂದು ಗುರಿಯನ್ನು ಮುಟ್ಟಿ ಹಿಂದಿರುಗುವ ಹೊತ್ತನ್ನು ಎಣಿಸಿ, ಬೆಳಕಿನ ವೇಗದಿಂದ ಗುಣಿಸಿ, ಅರ್ಧಮಾಡುತ್ತದೆ. 300 ಮೀಟರಿಗೆ ಹೋಗಿಬರಲು ಬೆಳಕಿಗೆ ಬೇಕಾದದ್ದು ಸೆಕೆಂಡಿನ ಹತ್ತುಲಕ್ಷದಲ್ಲೊಂದು ಭಾಗದ ಎರಡರಷ್ಟು. ಎಣಿಕೆಯ ದೋಷ ದೂರದೊಡನೆ ಅಷ್ಟಾಗಿ ಹೆಚ್ಚುವುದಿಲ್ಲ. ಹಿಂದಿರುಗುವ ಬೆಳಕು ಸಾಕಷ್ಟಿದ್ದರೆ, 50 ಮೀಟರಿನಲ್ಲೂ 400 ಮೀಟರಿನಲ್ಲೂ ಒಂದು ಮೀಟರಿನ ಆಸುಪಾಸಿನಲ್ಲೇ ಇರುತ್ತದೆ.

ಈ ಉಪಕರಣವನ್ನು ವಿದೇಶಗಳಲ್ಲಿ ಹೆಚ್ಚಾಗಿ ಕೊಳ್ಳುವವರಲ್ಲಿ ಬೇಟೆಗಾರರೂ ಇದ್ದಾರೆ. ಕಾರಣ ಸರಳ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಹಾಕಿದರೂ, ಸೆಕೆಂಡಿಗೆ 800 ಮೀಟರು ಸಾಗುವ ಗುಂಡು 300 ಮೀಟರು ಹೋಗುವಷ್ಟರಲ್ಲಿ 69 ಸೆಂಟಿಮೀಟರು, 400 ಮೀಟರು ಹೋಗುವಷ್ಟರಲ್ಲಿ 122 ಸೆಂಟಿಮೀಟರು ಕೆಳಗಿಳಿಯುತ್ತದೆ. 300 ಮೀಟರಿಗೆಂದು ಹೊಂದಿಸಿದ ಗುರಿಯ ಏರಿಕೆ 400 ಮೀಟರಿನಲ್ಲಿ 92 ಸೆಂಟಿಮೀಟರಿನಷ್ಟೇ. ಅಂದರೆ ದೂರವನ್ನು ತಪ್ಪಾಗಿ ಎಣಿಸಿದವನ ಗುಂಡು 30 ಸೆಂಟಿಮೀಟರು ಕೆಳಗೆ ತಗಲುತ್ತದೆ. ಎದೆಗೆಂದು ಬಿಟ್ಟದ್ದು ಕಾಲನ್ನು ಮುರಿಯುತ್ತದೆ. ಪ್ರಾಣಿ ಸಾಯದೆ ನರಳುತ್ತದೆ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಮಾಡಿದ ಬೇಟೆಗಾರ ಲೇಖಕ ಕೆನೆತ್ ಆಂಡರ್‌ಸನ್ (1910–1974) ಅವರ ಕಥನಗಳನ್ನು ಓದಿದವರಿಗೆ, ಗಾಯಗೊಂಡ ಹುಲಿ ಎಂಥ ಅನಾಹುತಕ್ಕೆ ಮೂಲವಾಗಬಲ್ಲುದೆಂಬುದು ತಿಳಿದೇ ಇದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ವಿನೋದದ ಬೇಟೆಗೆ ಬಾಗಿಲು ಮುಚ್ಚಿದವು. ಆದರೆ ದೂರಮಾಪಕ ಕಾಡನ್ನು ಬಿಟ್ಟುಹೋಗಲಿಲ್ಲ. ಕೊಲ್ಲುವವರ ಕೈಯಿಂದ ಎಣಿಸುವವರ ಕೈಗೆ ಬಂದಿತು. ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು 1980ರ ದಶಕದಿಂದ ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಲು ಬಳಸಿದ ಸೀಳುದಾರಿಯ ಕ್ರಮದಲ್ಲಿ, ನೇರವಾದ ಗೆರೆಯ ಮೇಲೆ ನಡೆಯುತ್ತ ಕಂಡ ಪ್ರತಿಯೊಂದು ಹಿಂಡಿನ ದೂರವನ್ನೂ ಕೋನವನ್ನೂ ಬರೆದುಕೊಳ್ಳಬೇಕು. ಗೆರೆಯಿಂದ ದೂರವಾದಂತೆ ಕಣ್ಣಿಗೆ ಬೀಳುವ ಹಿಂಡುಗಳು ಹೇಗೆ ಕಡಿಮೆಯಾಗುತ್ತವೆಂಬುದನ್ನು ನೋಡಿ, ಕಾಣದೆಹೋದವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ.

ಇಲ್ಲಿ ದೂರದ ತಪ್ಪು ಏನುಮಾಡುತ್ತದೆ? ಒಟ್ಟು 100 ಕಿಲೋಮೀಟರು ನಡೆದು 120 ಹಿಂಡುಗಳನ್ನು ಕಂಡೆವೆಂದೂ, ಗೆರೆಯ ಎರಡು ಪಕ್ಕಗಳಲ್ಲಿ ತಲಾ 40 ಮೀಟರು ಅಗಲವನ್ನು ಪೂರ್ತಿಯಾಗಿ ಎಣಿಸಿದಂತಾಯಿತೆಂದೂ ಇಟ್ಟುಕೊಳ್ಳೋಣ. ವಿಸ್ತೀರ್ಣ 8 ಚದರ ಕಿಲೋಮೀಟರು. ಚದರ ಕಿಲೋಮೀಟರಿಗೆ 15 ಹಿಂಡು. ಪ್ರತಿಯೊಂದು ದೂರವನ್ನೂ ಶೇಕಡಾ 10ರಷ್ಟು ಕಡಿಮೆ ಬರೆದುಕೊಂಡರೆ ಅಗಲ 36 ಮೀಟರಾಗುತ್ತದೆ, ವಿಸ್ತೀರ್ಣ 7.2 ಆಗುತ್ತದೆ, ಉತ್ತರ 16.7. ಕಾಡಿನಲ್ಲಿಲ್ಲದ ಜಿಂಕೆಗಳು ಕಾಗದದ ಮೇಲೆ ಹುಟ್ಟಿಕೊಂಡವು! ಇಂಥ ಲೆಕ್ಕವನ್ನು ನಂಬಿ ಹುಲಿಗೆ ಆಹಾರ ಸಾಲುವುದೆಂದು ತೀರ್ಮಾನಿಸಿದರೆ ಫಲವೇನೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಆಯ್ಕೆಯ ಮಾತು. ಮೊದಲನೆಯದಾಗಿ, ಪೆಟ್ಟಿಗೆಯ ಮೇಲೆ ಅಚ್ಚಾದ 1000 ಮೀಟರಿಗೆ ಮರುಳಾಗಬಾರದು. ಆ ಅಂಕೆ ಸಾಮಾನ್ಯವಾಗಿ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುವ ದೊಡ್ಡ ಗುರಿಗೆ ಸಲ್ಲುವಂಥದು. ಮಬ್ಬುಬಣ್ಣದ ಜಿಂಕೆಯ ಮೈಗೆ, ಅದೂ ಬಿಸಿಲಿನಲ್ಲಿ, ವ್ಯಾಪ್ತಿ ಅರ್ಧಕ್ಕೂ ಇಳಿಯಬಹುದು. ಮರಗಳು ಒತ್ತಾಗಿರುವ ಕಾಡಿನಲ್ಲಿ ನೂರು ಮೀಟರಿನಾಚೆಯ ಪ್ರಾಣಿ ಕಾಣುವುದೇ ಅಪರೂಪವಾದ್ದರಿಂದ, ಗರಿಷ್ಠ ದೂರಕ್ಕಿಂತ ಕನಿಷ್ಠ ದೂರವನ್ನು ವಿಚಾರಿಸುವುದು ಲೇಸು.

ಎರಡನೆಯದು ಕಿರಣದ ಅಗಲ. ಮೀಟರಿಗೆ ಒಂದು ಮಿಲಿಮೀಟರಿನಂತೆ ಹರಡುವ ಕಿರಣ 300 ಮೀಟರಿನಲ್ಲಿ 30 ಸೆಂಟಿಮೀಟರು ಅಗಲವಾಗುತ್ತದೆ. ಮೂರು ಮಿಲಿಮೀಟರಿನಂತೆ ಹರಡಿದರೆ 90 ಸೆಂಟಿಮೀಟರು. ಅಗಲವಾದ ಕಿರಣ ಜಿಂಕೆಯೊಡನೆ ಹಿಂದಿನ ಬಂಡೆಯನ್ನೂ ಮುಟ್ಟುತ್ತದೆ. ಮೂರನೆಯದು ಪೊದೆ. ಬಿದಿರುಮೆಳೆಯೋ ಲಂಟಾನವೋ ಅಡ್ಡವಿದ್ದಾಗ, ಮೊದಲ ಮರುಬೆಳಕನ್ನು ಬಿಟ್ಟು ಕೊನೆಯದನ್ನು ಆರಿಸುವ ಸೌಕರ್ಯವಿರಬೇಕು. ನಾಲ್ಕನೆಯದು ಇಳಿಜಾರು. 30 ಅಂಶದ ಓರೆಯಲ್ಲಿ 100 ಮೀಟರೆಂದು ತೋರಿದ ದೂರ, ಸಮತಲದಲ್ಲಿ 87 ಮೀಟರು ಮಾತ್ರ. ಐದನೆಯದಾಗಿ, ಕಿರಣ ಕಣ್ಣಿಗೆ ಕಾಣದ ಅವರಕ್ತವಾದುದರಿಂದ, ಉಪಕರಣ ಒಂದನೆಯ ವರ್ಗದ ಸುರಕ್ಷಿತ ಲೇಸರೆಂಬ ಗುರುತನ್ನು ಹೊಂದಿರಲೇಬೇಕು. ಆದರೂ ಯಾರ ಮುಖಕ್ಕೂ ಹಿಡಿಯಬಾರದು.

ಕೊನೆಯದಾಗಿ, ಪರೀಕ್ಷಿಸದೆ ಬಳಸಬಾರದು. ಕಾಲೇಜಿನ ಮೈದಾನದಲ್ಲಿ ಅಳತೆಪಟ್ಟಿಯಿಂದ 20, 50, 100 ಮೀಟರುಗಳನ್ನು ಗುರುತಿಸಿ, ಪ್ರತಿಯೊಂದರಲ್ಲೂ ಹತ್ತು ಸಲ ಓದಿ ಸರಾಸರಿ ತೆಗೆಯಬೇಕು. ಓದಿಕೆಗಳು ಸರಿಯಾದ ಅಂಕೆಯ ಆಚೆ ಈಚೆ ಚೆದರಿದ್ದರೆ ಅದು ಆಕಸ್ಮಿಕ ದೋಷ, ಸರಾಸರಿಯಲ್ಲಿ ಕರಗುತ್ತದೆ. ಎಲ್ಲವೂ ಒಂದೇ ಕಡೆಗೆ ವಾಲಿದ್ದರೆ ಅದು ಉಪಕರಣದ ದೋಷ. ಸಾವಿರ ಸಲ ಓದಿದರೂ ಕರಗದು. ಅದನ್ನು ಬೇರೊಂದು ಅಳತೆಯೊಡನೆ ತಾಳೆನೋಡಿಯೇ ಕಂಡುಹಿಡಿಯಬೇಕು. 1804ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಸರಪಣಿಯನ್ನು ಮತ್ತೊಮ್ಮೆ ಹಾಸಿದ್ದು ಇದಕ್ಕಾಗಿಯೇ. ನಾವೂ ಹೆಬ್ಬೆರಳಿನಿಂದ ಆರಂಭಿಸಿ, ಅಳತೆಪಟ್ಟಿಯಿಂದ ತಾಳೆನೋಡಿ, ಆಮೇಲೆ ಅಂಗಡಿಗೆ ಹೋಗೋಣ.