ಹಿತ್ತಲಿನ ಸೊಪ್ಪೂ ಅತಿಥಿಯ ಎಲೆಯೂ

ಜ್ಞಾನೋಕ್ತಿಗಳು 15ನೆಯ ಅಧ್ಯಾಯದ 17ನೆಯ ವಚನವನ್ನು ಮನೆಯವರೆಲ್ಲರೂ ಕೂಡಿ ಓದಿದ ಮೇಲೆ ಈ ಪಾಠಕ್ಕೆ ಕಿವಿಗೊಡಿರಿ. ಅಲ್ಲಿ ಜ್ಞಾನಿಯು ಸೊಪ್ಪಿನ ಊಟವನ್ನು ಹೀನವೆಂದು ಎಣಿಸದೆ, ಊಟದ ರುಚಿಯು ಮನೆಯವರ ಪ್ರೀತಿಯಲ್ಲಿ ಉಂಟೆಂದು ಕಲಿಸುತ್ತಾನೆ.

ನಮ್ಮ ಕರಾವಳಿ ಸೀಮೆಯಲ್ಲಿ ಮಳೆಯು ಹಿಂದೆಗೆಯುವ ಅಕ್ಟೋಬರ ತಿಂಗಳು ಹಿತ್ತಲು ತುಂಬಿರುವ ಕಾಲ. ಹೀರೆಯೂ ಬೆಂಡೆಯೂ ಮುಗಿಯುತ್ತಾ ಬಂದರೂ ಬಾವಿಕಟ್ಟೆಯ ಬಳಿ ಕೆಸುವು ಸೊಕ್ಕಿ ನಿಂತಿರುತ್ತದೆ; ಚಪ್ಪರದ ಮೇಲೆ ಬಸಳೆಯು ಹಬ್ಬಿರುತ್ತದೆ; ಕುಂಬಳವು ಬಲಿಯುತ್ತಿರುತ್ತದೆ; ಬಿತ್ತಿದ ಹರಿವೆಯು ಮೂರು ನಾಲ್ಕು ವಾರಗಳಲ್ಲಿ ಅಡಿಗೆಗೆ ಒದಗುತ್ತದೆ. ಇಷ್ಟಿದ್ದರೂ, ಉಪದೇಶಿಗಳು ಬರುತ್ತಾರೆಂದು ಕೇಳಿದೊಡನೆ ಅಂಗಡಿಗೆ ಹೋಗಿ ಕಡಕ್ಕೆ ಬಟಾಟೆ ತರುವವರುಂಟು. ಸೊಪ್ಪು ಬಡಿಸಿದರೆ ಮಾನ ಹೋಗುವದೆಂದು ಅವರ ಭಯ.

ಈ ತಪ್ಪಿನಲ್ಲಿ ನಮಗೂ ಪಾಲುಂಟು. ಒಂದು ಮನೆಯಲ್ಲಿ ನಾವು ಬಟಾಟೆಯ ಪಲ್ಯವನ್ನು ಹೊಗಳಿ ಎರಡು ಸಾರಿ ಹಾಕಿಸಿಕೊಂಡೆವು. ಕೈ ತೊಳೆಯಲು ಹಿಂಬಾಗಿಲಿಗೆ ಹೋದಾಗ, ಆ ಮನೆಯ ಅಜ್ಜಿಯು ಮಕ್ಕಳ ಬಟ್ಟಲಿಗೆ ಗಂಜಿಯನ್ನೂ ಹರಿವೆಯ ಪಲ್ಯವನ್ನೂ ಬಡಿಸುತ್ತಿರುವದನ್ನು ಕಂಡೆವು. ಬಟಾಟೆಯು ಅವರಿಗೆ ಉಳಿದಿರಲಿಲ್ಲ. ಅದರ ಸಾಲವು ಮಾತ್ರ ಉಳಿದಿತ್ತು. ನಮ್ಮ ಹೊಗಳಿಕೆಯೇ ಆ ಮನೆಗೆ ಹೊರೆಯಾಯಿತೆಂದು ತಿಳಿದು ನಾಚಿದೆವು.

ಬಟಾಟೆಯೂ ಸಿಹಿಗುಂಬಳವೂ ಅಮೇರಿಕ ಖಂಡದಿಂದ ಸಮುದ್ರ ದಾಟಿ ಬಂದವುಗಳೇ. ಒಂದಕ್ಕೆ ಪಡಸಾಲೆ, ಇನ್ನೊಂದಕ್ಕೆ ಹಿತ್ತಲು ಎಂಬ ಭೇದವು ಮನುಷ್ಯರು ಮಾಡಿದ್ದು. ಮನುಷ್ಯರೊಳಗಿನ ಮೇಲು ಕೀಳನ್ನು ಕ್ರಿಸ್ತನಲ್ಲಿ ಬಿಟ್ಟ ನಾವು ಅದನ್ನು ಕಾಯಿಪಲ್ಯಗಳೊಳಗೆ ಇಟ್ಟುಕೊಳ್ಳುವದು ತಕ್ಕದ್ದೋ?

ಇನ್ನು ಅಡಿಗೆಯ ವಿಷಯ. ಹರಿವೆಯನ್ನು ಹೆಚ್ಚುವದಕ್ಕೆ ಮೊದಲೇ ತೊಳೆಯಿರಿ. ಸ್ವಲ್ಪ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲದೆ ಸಾರಿಗೆ ಸೇರಿಸಿರಿ. ಸೊಪ್ಪಿನ ಸತ್ವದಲ್ಲಿ ಒಂದು ಪಾಲು ಅದಕ್ಕೆ ಇಳಿದಿರುತ್ತದೆ. ಕಣ್ಣಿಗೆ ಬೇಕಾದ ‘ಎ’ ಜೀವಸತ್ವವು ಹರಿವೆಯಿಂದಲೂ ಸಿಹಿಗುಂಬಳದಿಂದಲೂ ದೊರಕುತ್ತದೆ. ತೆಂಗಿನ ತುರಿಯನ್ನಾಗಲಿ ಎಣ್ಣೆಯ ಒಗ್ಗರಣೆಯನ್ನಾಗಲಿ ಕೂಡಿಸಿದರೆ ಅದು ದೇಹಕ್ಕೆ ಚೆನ್ನಾಗಿ ಹತ್ತುವದು. ಬಡಿಸುವಾಗ ಲಿಂಬೆಯ ರಸ ಹಿಂಡಿದರೆ ಸೊಪ್ಪಿನ ಕಬ್ಬಿಣದ ಅಂಶವೂ ಹೆಚ್ಚಾಗಿ ಹತ್ತುವದು. ಕೆಸುವಿನಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿರುವದರಿಂದ ಗಂಟಲು ತುರಿಸುತ್ತದೆ. ಹುಣಿಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆಯು ತಗ್ಗುವದು. ಪತ್ರೊಡೆಯ ಹಿಟ್ಟಿಗೆ ನಮ್ಮ ಹಿರಿಯರು ಹುಳಿ ಕೂಡಿಸಿದ್ದು ಸುಮ್ಮನೆ ಅಲ್ಲ.

ಬೂದುಗುಂಬಳದ ಮೇಲೆ ಬಿಳಿ ಬೂದಿಯು ಚೆನ್ನಾಗಿ ಕಟ್ಟಿದ ಬಳಿಕ ತೊಟ್ಟು ಉಳಿಸಿ ಕೊಯ್ಯಿರಿ. ಗಾಯವಾಗದಂತೆಯೂ ಒಂದಕ್ಕೊಂದು ತಗಲದಂತೆಯೂ ಅಟ್ಟದ ಮೇಲೆ ಇಟ್ಟರೆ ಅದು ಕೆಲವು ತಿಂಗಳು ಕೆಡದು. ಬಾವಿಯ ನೀರು ತಗ್ಗಿ ಹಿತ್ತಲು ಒಣಗುವ ಬೇಸಿಗೆಯಲ್ಲಿ ಅದೇ ನಿಮ್ಮ ಅಂಗಡಿ, ಅಲ್ಲಿ ಕಡವಿಲ್ಲ. ಅವುಗಳಲ್ಲಿ ಒಂದನ್ನು, ಹಿತ್ತಲೇ ಇಲ್ಲದ ನೆರೆಯವರಿಗಾಗಿ ಈಗಲೇ ಗುರುತಿಟ್ಟುಕೊಳ್ಳಿರಿ.

ಆದಕಾರಣ, ಪ್ರಿಯರೇ, ನಾವು ನಿಮ್ಮ ಮನೆಗೆ ಬರುವಾಗ ಮಕ್ಕಳ ಬಟ್ಟಲಿಗೆ ಬಡಿಸುವದನ್ನೇ ನಮ್ಮ ಎಲೆಗೂ ಬಡಿಸಿರಿ. ಮಕ್ಕಳನ್ನೂ ನಮ್ಮ ಸಂಗಡ ಪಂಕ್ತಿಯಲ್ಲಿ ಕೂರಿಸಿರಿ. ಸಾಲವಿಲ್ಲದ ಆ ಊಟಕ್ಕಾಗಿ ಎಲ್ಲರೂ ಒಂದೇ ಬಾಯಿಂದ ಕರ್ತನಿಗೆ ಸ್ತೋತ್ರ ಹೇಳೋಣ.